ಚಳಿಗಾಲಕ್ಕೆ ದುರ್ಗದ ಗುಡ್ಡದ ಮನೆಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನವೆಂಬರ್ ಬಂತೆಂದರೆ ನಮ್ಮ ಮನೆ ಫೋನಿಗೆ ಬಿಡುವಿಲ್ಲ. ಕ್ರಿಸ್‌ಮಸ್ ರಜೆ, ಹೊಸ ವರ್ಷ, ಸಂಕ್ರಾಂತಿ, ಅದರ ಬೆನ್ನಿಗೇ ಜನವರಿ 26. ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆ ಬರುವಾಗ ಸಿಗುವ ಗುಡ್ಡದ ಬುಡದಲ್ಲಿ ನಮ್ಮದೊಂದು ಹಳೇ ಮನೆ. ಮುಂದಿನ ಭಾಗದಲ್ಲಿ ನಾವಿರುತ್ತೇವೆ, ಹಿಂದಿನ ನಾಲ್ಕು ಕೋಣೆ ಬಂದವರಿಗೆ. ಅದರಲ್ಲಿ ಒಂದು ಮೊದಲು ಎತ್ತಿನ ಕೊಟ್ಟಿಗೆ ಆಗಿತ್ತು, ಈಗ ಎಲ್ಲರೂ ಮುಗಿಬಿದ್ದು ಕೇಳುವುದು ಅದನ್ನೇ. ಫೋನಲ್ಲಿ, ವಾಟ್ಸಾಪಲ್ಲಿ, ಊಟಕ್ಕೆ ಕೂತಾಗ ಜನ ಕೇಳಿದ್ದನ್ನು ನಾನು ಕ್ಯಾಲೆಂಡರ್ ಹಿಂದೆ ಬರೆದಿಡುತ್ತಿದ್ದೆ. ಆ ಕ್ಯಾಲೆಂಡರ್ ತುಂಬಿಹೋಗಿದೆ. ಕೇಳಿದವರ ಮಾತಲ್ಲೇ ಪ್ರಶ್ನೆ ಇಟ್ಟಿದ್ದೇನೆ. ಉತ್ತರ ನನ್ನದು, ನಡುನಡುವೆ ಅತ್ತೆಯದು.

## ಬರುವ ಮುಂಚೆ

ಅಕ್ಕಾ, ಅಲ್ಲಿ ಸ್ನೋ ಬೀಳುತ್ತಾ?

ಇಲ್ಲ. ನಗಬೇಡಿ, ವರ್ಷಕ್ಕೆ ಇಬ್ಬರಾದರೂ ಕೇಳುತ್ತಾರೆ. ಇದು ಬಯಲುಸೀಮೆ. ಇಲ್ಲಿ ಮಳೆಯೇ ಲೆಕ್ಕ ಹಾಕಿ ಬೀಳುತ್ತೆ, ಇನ್ನು ಹಿಮ ಎಲ್ಲಿಂದ ಬರಬೇಕು? ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಇರುತ್ತೆ, ಬರಿಗಾಲಲ್ಲಿ ನಡೆದರೆ ಕಾಲು ಮರಗಟ್ಟುತ್ತೆ. ಅಷ್ಟೇ.

ಹಾಗಾದ್ರೆ ಎಷ್ಟು ಚಳಿ ಇರುತ್ತೆ? ಸ್ವೆಟರ್ ಬೇಕಾ?

ಬೇಕು. ಡಿಸೆಂಬರ್, ಜನವರಿಯಲ್ಲಿ ದುರ್ಗದ ಪೇಟೆಯಲ್ಲಿ ರಾತ್ರಿ ಸುಮಾರು 15-16 ಡಿಗ್ರಿಗೆ ಇಳಿಯುತ್ತೆ, ಗುಡ್ಡದ ಕಡೆ ಇನ್ನೂ ಸ್ವಲ್ಪ ಕಡಿಮೆ. ಹಗಲು 27-28. ಕೇಳಿದರೆ ಏನೂ ಅಲ್ಲ ಅನ್ನಿಸುತ್ತೆ, ಅಲ್ವಾ? ಇಲ್ಲಿನ ಚಳಿ ಡಿಗ್ರಿಯಲ್ಲಿಲ್ಲ, ಗಾಳಿಯಲ್ಲಿದೆ. ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡ ಏಷ್ಯಾದಲ್ಲೇ ಜಾಸ್ತಿ ಗಾಳಿ ಬೀಸುವ ಜಾಗ ಅಂತ ನಮ್ಮೂರಲ್ಲಿ ಎದೆಯುಬ್ಬಿಸಿ ಹೇಳುವವರಿದ್ದಾರೆ. ಏಷ್ಯಾ ಪೂರ್ತಿ ಅಳೆದವರು ಯಾರೋ, ಆ ತಕರಾರಿಗೆ ನಾನು ಹೋಗುವುದಿಲ್ಲ. ಆದರೆ ಒಣಗಲು ಹಾಕಿದ ಲುಂಗಿ ಪಕ್ಕದ ತೋಟದಲ್ಲಿ ಸಿಕ್ಕಿದ್ದು ನಿಜ.

ಇನ್ನೊಂದು, ಬಂಡೆ. ಈ ಕಡೆ ಮಣ್ಣಿಗಿಂತ ಕಲ್ಲು ಜಾಸ್ತಿ. ಹಗಲೆಲ್ಲ ಬಿಸಿಲು ಕುಡಿದ ಬಂಡೆ ರಾತ್ರಿ ಎಂಟರವರೆಗೂ ಬೆಚ್ಚಗಿರುತ್ತೆ, ಅದರ ಮೇಲೆ ಕೂತವರು "ಚಳೀನೇ ಇಲ್ವಲ್ಲ" ಅನ್ನುತ್ತಾರೆ. ಮೋಡವಿಲ್ಲದ ಆಕಾಶಕ್ಕೆ ಆ ಬಿಸಿಯೆಲ್ಲ ಹೋದ ಮೇಲೆ, ಬೆಳಗಿನ ಜಾವ ಐದಕ್ಕೆ ಅದೇ ಬಂಡೆ ಮುಟ್ಟಿ ನೋಡಿ. ಹಾಗಾಗಿ ಎರಡು ಥರದ ಬಟ್ಟೆ ತನ್ನಿ. ಕಿವಿಗೆ ಮಫ್ಲರ್ ಅಥವಾ ಟವೆಲ್ ಮರೆಯಬೇಡಿ. ಕಿವಿ ಮುಚ್ಚಿದರೆ ಅರ್ಧ ಚಳಿ ಹೋದಂತೆ.

ಡಿಸೆಂಬರ್‌ಗೆ ಬರೋದಾ, ಜನವರಿಗೆ ಬರೋದಾ?

ನನ್ನನ್ನು ಕೇಳಿದರೆ ಸಂಕ್ರಾಂತಿ ಕಳೆದ ಮೇಲಿನ ವಾರ. ರಜೆಯ ಗದ್ದಲ ಮುಗಿದಿರುತ್ತೆ, ಬೆಳಗಿನ ಚಳಿ ಇನ್ನೂ ಬಿಟ್ಟಿರುವುದಿಲ್ಲ, ಅತ್ತೆಗೂ ಮಾತಾಡಲು ಪುರುಸೊತ್ತು. ಡಿಸೆಂಬರ್‌ದು ಒಂದು ತಂಟೆ ಇದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆದರೆ ಇಲ್ಲಿ ಎರಡು ಮೂರು ದಿನ ಮೋಡ ಕವಿದು ಜಿಡಿ ಹಿಡಿಯುತ್ತೆ. ಆಗ ಬಿಸಿಲೂ ಇಲ್ಲ, ಒಳ್ಳೆ ಮಳೆಯೂ ಇಲ್ಲ, ಒಗೆದ ಬಟ್ಟೆ ಒಣಗುವುದಿಲ್ಲ. ಆ ದಿನಗಳಲ್ಲಿ ಬಂದವರು ಇಸ್ಪೀಟು ಆಡಿಕೊಂಡು, ಮಿರ್ಚಿ ತಿಂದುಕೊಂಡು ಖುಷಿಯಾಗಿ ಹೋದದ್ದೂ ಇದೆ, ನನ್ನ ಮೇಲೆ ಸಿಟ್ಟಾಗಿ ಹೋದದ್ದೂ ಇದೆ.

ರೀಲ್‌ನಲ್ಲಿ ಜೋಗಿಮಟ್ಟಿ ಮೇಲೆ ಮೋಡ ಕೈಗೆ ಸಿಗೋ ಹಂಗಿತ್ತು. ನಾವು ಬಂದಾಗ ಹಂಗೇ ಇರುತ್ತಾ?

ಆ ರೀಲು ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಗುಡ್ಡಕ್ಕೆ ಉಜ್ಜಿಕೊಂಡು ಹೋಗುತ್ತೆ, ಗುಡ್ಡ ಹಸಿರಾಗಿರುತ್ತೆ. ಜನವರಿ ಹೊತ್ತಿಗೆ ಹುಲ್ಲು ಒಣಗಿ ಬೆಲ್ಲದ ಬಣ್ಣಕ್ಕೆ ತಿರುಗಿರುತ್ತೆ. ಕೆಲವು ಬೆಳಗ್ಗೆ ಕೆಳಗಿನ ಕೆರೆ, ತೋಟದ ಮೇಲೆ ತೆಳ್ಳಗೆ ಮಂಜು ಕೂತಿರುತ್ತೆ, ಎಂಟು ಗಂಟೆಗೆ ಅದೂ ಮಾಯ. ಚಳಿಗಾಲದ ಲಾಭ ಬೇರೆ. ಗಾಳಿಯಲ್ಲಿ ತೇವ ಕಡಿಮೆ, ಆಕಾಶ ತೊಳೆದ ಹಾಗಿರುತ್ತೆ, ದೂರದ ಗುಡ್ಡಗಳು ಸಾಲಾಗಿ ಕಾಣುತ್ತವೆ. ಹಸಿರೇ ಬೇಕು ಅನ್ನುವವರು ಆಗಸ್ಟಿಗೆ ಬನ್ನಿ. ಆಗ ಬೆಲೆಯೂ ಕಡಿಮೆ.

ನಮ್ಮತ್ರ ಕಾರಿಲ್ಲ. ಬೆಂಗಳೂರಿಂದ ಬರೋದು ಹೆಂಗೆ?

ಬಸ್ಸಿಗೆ ಬರಗಾಲವಿಲ್ಲ. ಬೆಂಗಳೂರಿಂದ ಚಿತ್ರದುರ್ಗ ಸುಮಾರು 200 ಕಿಲೋಮೀಟರ್, ರಾಷ್ಟ್ರೀಯ ಹೆದ್ದಾರಿ 48ರ ಮೇಲೇ ಇದೆ. ಹುಬ್ಬಳ್ಳಿ, ದಾವಣಗೆರೆ ಕಡೆ ಹೋಗುವ ಬಸ್ಸುಗಳೆಲ್ಲ ಇದೇ ದಾರಿ. ಹತ್ತುವಾಗ ಒಂದು ಮಾತು ಕೇಳಿ, ಬಸ್ಸು ಊರೊಳಗೆ ಹೋಗುತ್ತಾ ಇಲ್ಲ ಬೈಪಾಸಲ್ಲೇ ಇಳಿಸುತ್ತಾ ಅಂತ. ರಾತ್ರಿ ಎರಡಕ್ಕೆ ಬೈಪಾಸಲ್ಲಿ ಇಳಿದು ಫೋನ್ ಮಾಡಿದವರಿದ್ದಾರೆ. ರೈಲಾದರೆ ಬೆಂಗಳೂರು-ಹುಬ್ಬಳ್ಳಿ ದಾರಿಯ ಚಿಕ್ಕಜಾಜೂರು ಜಂಕ್ಷನ್ ನಮಗೆ ಹತ್ತಿರ, ಎಲ್ಲ ರೈಲೂ ನಿಲ್ಲುವುದಿಲ್ಲ, ನೋಡಿಕೊಳ್ಳಿ. ದಾವಣಗೆರೆಯಲ್ಲಿ ಇಳಿದರೆ ಅಲ್ಲಿಂದ ದುರ್ಗಕ್ಕೆ 60 ಕಿಲೋಮೀಟರ್. ಯಾವುದರಲ್ಲೇ ಬನ್ನಿ, ಕತ್ತಲಾಗುವ ಮುಂಚೆ ಮನೆ ಮುಟ್ಟುವ ಹಾಗೆ ಬನ್ನಿ. ಕೊನೆಯ ಮಣ್ಣಿನ ದಾರಿಯಲ್ಲಿ ಬೀದಿದೀಪವಿಲ್ಲ.

## ಮನೆಯೊಳಗೆ

ಬಿಸಿನೀರು 24 ಗಂಟೆ ಬರುತ್ತಾ?

ಬರುವುದಿಲ್ಲ. ಬೆಳಗ್ಗೆ ಆರರಿಂದ ಹತ್ತು, ಸಂಜೆ ಆರರಿಂದ ಎಂಟು. ಮೊದಲ ವರ್ಷ ನಾನು ದೊಡ್ಡದಾಗಿ "ಯಾವಾಗ ಬೇಕಾದರೂ" ಅಂದುಬಿಟ್ಟಿದ್ದೆ. ಡಿಸೆಂಬರ್ 25ರ ಬೆಳಗ್ಗೆ ಹನ್ನೊಂದು ಜನ ಒಟ್ಟಿಗೆ ಸ್ನಾನಕ್ಕೆ ನಿಂತರು. ಕೊನೆಯವರು ಮೈಗೆಲ್ಲ ಸೋಪು ಹಚ್ಚಿಕೊಂಡು ಒಳಗಿಂದ ಕೂಗಿದಾಗ ಹಂಡೆಯಲ್ಲಿ ತಳ ಕಾಣುತ್ತಿತ್ತು. ಸೋಲಾರ್ ಇದೆ, ಆದರೆ ಚಳಿಗಾಲದ ಬೆಳಗ್ಗೆ ಅದರಲ್ಲಿ ಬರುವುದು ಉಗುರು ಬೆಚ್ಚಗಿನ ನೀರು. ಜಿಡಿ ಹಿಡಿದರೆ ಅದೂ ಇಲ್ಲ.

ಹಾಗಾಗಿ ತಾಮ್ರದ ಹಂಡೆಯೇ ಗತಿ. ಅತ್ತೆ ನಾಲ್ಕೂವರೆಗೆ ಏಳುತ್ತಾರೆ. ಹಿಂದಿನ ದಿನದ ಬೂದಿ ಒಂದು ಕಡೆ ಎಳೆದು, ಒಣಗಿದ ತೆಂಗಿನ ಗರಿ ಮುರಿದು ಒಳಗೆ ತುರುಕಿ ಕಡ್ಡಿ ಗೀರುತ್ತಾರೆ. ಗರಿ ಭರ್ ಅಂತ ಹತ್ತಿಕೊಳ್ಳುತ್ತೆ, ಅಷ್ಟೇ ಬೇಗ ಆರಿಹೋಗುತ್ತೆ. ಅದು ಆರುವುದರೊಳಗೆ ಸಣ್ಣ ಜಾಲಿ ಕಡ್ಡಿ, ಅದರ ಮೇಲೆ ಅಡಿಕೆ ಸಿಪ್ಪೆ, ಆಮೇಲೆ ದಪ್ಪ ಕೊರಡು. ಈ ಲೆಕ್ಕ ತಪ್ಪಿದರೆ ಬಚ್ಚಲೆಲ್ಲ ಹೊಗೆ. ನನಗೆ ಇವತ್ತಿಗೂ ಮೂರು ಸಲಕ್ಕೆ ಒಂದು ಸಲ ತಪ್ಪುತ್ತೆ. ನೀರು ಕಾದು ಹಂಡೆ ಸಣ್ಣಗೆ ಹಾಡಲು ಶುರು ಮಾಡಿದಾಗ ಬಂದವರ ಮಕ್ಕಳು ಒಬ್ಬೊಬ್ಬರೇ ಎದ್ದು ಬಂದು ಒಲೆಯ ಬಾಯಿ ಮುಂದೆ ಕೂರುತ್ತಾರೆ, ಅಂಗೈ ಚಾಚಿಕೊಂಡು, ಅರ್ಧ ನಿದ್ದೆಯಲ್ಲಿ. ಎಷ್ಟೋ ಮನೆಯವರಿಗೆ ವಾಪಸ್ ಹೋದ ಮೇಲೆ ನೆನಪಿರುವುದು ಇದೇ ಒಲೆ.

ರೂಮಿಗೆ ಹೀಟರ್ ಇದೆಯಾ? ಇಲ್ಲಾಂದ್ರೆ ಕೆಂಡದ ಅಗ್ಗಿಷ್ಟಿಕೆ ಕೊಡ್ತೀರಾ?

ಹೀಟರ್ ಇಲ್ಲ, ನಮ್ಮ ವೋಲ್ಟೇಜಿಗೆ ಅದು ತಡೆಯುವುದಿಲ್ಲ. ಅಗ್ಗಿಷ್ಟಿಕೆ ಪಡಸಾಲೆಯಲ್ಲಿ ಮಾತ್ರ, ಕಿಟಕಿ ಬಾಗಿಲು ತೆಗೆದಿರುವ ಕಡೆ. ಮಲಗುವ ಕೋಣೆಗೆ ಎಷ್ಟೇ ಕೇಳಿದರೂ ಕೊಡುವುದಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. "ನಮ್ಮಜ್ಜಿ ಮನೇಲಿ ಇಡ್ತಿದ್ರು" ಅನ್ನುವವರಿಗೆ ಒಂದು ಮಾತು. ಅಜ್ಜಿ ಮನೆಯ ಹೆಂಚಿನ ಸಂದಿಯಲ್ಲಿ ನಕ್ಷತ್ರ ಕಾಣುತ್ತಿತ್ತು. ಈಗಿನ ಕೋಣೆಗಳಿಗೆ ಆ ಸಂದಿ ಇಲ್ಲ.

ಕಂಬಳಿ ಚುಚ್ಚುತ್ತಲ್ಲ, ಮೆತ್ತಗಿನ ರಗ್ಗು ಇಲ್ವಾ?

ರಗ್ಗೂ ಇದೆ. ಆದರೆ ಒಂದು ರಾತ್ರಿ ಕಂಬಳಿ ಹೊದ್ದು ನೋಡಿ. ಇವು ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕರೀ ಕಂಬಳಿ, ಕೈಮಗ್ಗದಲ್ಲಿ ನೇಯ್ದದ್ದು. ಬರೀ ಮೈಗೆ ಹೊದ್ದರೆ ಚುಚ್ಚುವುದೇ. ಕೆಳಗೊಂದು ಹತ್ತಿ ದುಪ್ಪಟಿ, ಅದರ ಮೇಲೆ ಕಂಬಳಿ. ಇಬ್ಬನಿಯಲ್ಲಿ ಹೊರಗೆ ಕೂತರೂ ತೇವ ಒಳಗಿಳಿಯುವುದಿಲ್ಲ. ಕುರಿ ಕಾಯುವವರು ಹಟ್ಟಿಯಿಂದ ಹೊರಟು ತಿಂಗಳುಗಟ್ಟಲೆ ಬಯಲಲ್ಲಿ ಮಲಗುವುದು ಇದೊಂದನ್ನೇ ನಂಬಿ. ಹಸಿಯಾದರೆ ಕುರಿ ವಾಸನೆ ಬರುತ್ತೆ, ಅದಕ್ಕೆ ಔಷಧಿ ಬಿಸಿಲು.

ಊಟದ ಮೆನು ಕಳಿಸ್ತೀರಾ?

ಮೆನು ಇಲ್ಲ, ಸಂತೆಗೆ ಏನು ಬಂತೋ ಅದೇ ಊಟ. ಚಳಿಗಾಲದಲ್ಲಿ ಅದರ ಅರ್ಥ ಅವರೆಕಾಯಿ. ಇಬ್ಬನಿ ಬೀಳಲು ಶುರುವಾದ ಮೇಲೆ ಅವರೆಗೆ ಸೊಗಡು ಬರುತ್ತೆ. ಬಿಡಿಸಿದ ಮೇಲೆ ಎರಡು ದಿನ ಬೆರಳಲ್ಲಿ ಆ ಘಮ ಹೋಗುವುದಿಲ್ಲ. ಒಂದು ರಾತ್ರಿ ಮುದ್ದೆ ಮತ್ತು ಅವರೆಕಾಳು ಸಾರು, ಒಂದು ರಾತ್ರಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಬೆಳಗ್ಗೆ ಉಪ್ಪಿಟ್ಟೋ ದೋಸೆಯೋ.

ಹಿತಕಿದ ಬೇಳೆ ಸಾರು ಬೇಕು ಅನ್ನುವವರು ಸಂಜೆಯೇ ಬಂದು ಹಿತಕಬೇಕು. ಇದು ತಮಾಷೆಯಲ್ಲ, ಷರತ್ತು. ಹನ್ನೆರಡು ಜನರ ಸಾರಿಗೆ ನಾನೂ ಅತ್ತೆಯೂ ಕೂತರೆ ಮಧ್ಯರಾತ್ರಿ ಆಗುತ್ತೆ. ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಒತ್ತಿದರೆ ಬೇಳೆ ಚಂಗನೆ ಹಾರುತ್ತೆ, ಪಾತ್ರೆಗೆ ಬೀಳಬೇಕಾದ್ದು ಎದುರಿಗೆ ಕೂತವರ ಕನ್ನಡಕಕ್ಕೆ. ಮುಖ ಪರಿಚಯವಿಲ್ಲದ ಎರಡು ಮನೆಯವರು ಒಂದು ಮೊರದ ಸುತ್ತ ಕೂತು ಅರ್ಧ ಗಂಟೆಯಲ್ಲಿ ಸಂಬಂಧ ಹುಡುಕಿಕೊಳ್ಳುತ್ತಾರೆ. ನಿಮ್ಮ ಕಡೆಯವರೊಬ್ಬರು ಹರಿಹರದಲ್ಲಿ ಇದ್ದರಲ್ಲ, ಅಲ್ಲಿಂದ ಶುರು.

ನಾನ್‌ವೆಜ್ ಸಿಗುತ್ತಾ?

ನಮ್ಮ ಅಡುಗೆಮನೆಯಲ್ಲಿ ಇಲ್ಲ. ದುರ್ಗದ ಪೇಟೆಯಲ್ಲಿ ಬೇಕಾದಷ್ಟು ಖಾನಾವಳಿಗಳಿವೆ, ತಿಂದು ಬನ್ನಿ, ನಾವೇನೂ ಮೂಸಿ ನೋಡುವುದಿಲ್ಲ.

ದಾವಣಗೆರೆ ಇಷ್ಟು ಹತ್ತಿರ ಇದೆ, ಬೆಣ್ಣೆ ದೋಸೆ ಮಾಡಲ್ವಾ?

ಮಾಡಿದರೆ ಅದು ಬೆಣ್ಣೆ ಹಾಕಿದ ದೋಸೆ ಆಗುತ್ತೆ ಅಷ್ಟೇ. ದಾವಣಗೆರೆಯಲ್ಲಿ ಸೌದೆ ಒಲೆಯ ಮೇಲಿನ ದಪ್ಪ ಕಾವಲಿ, ಅದರ ಮೇಲೆ ಕೈ ಬಿಚ್ಚಿ ಹಾಕುವ ಬೆಣ್ಣೆ, ಪಕ್ಕಕ್ಕೆ ಬಿಳೀ ಆಲೂಗಡ್ಡೆ ಪಲ್ಯ, ನೀರಾದ ಚಟ್ನಿ. ಅದು ಮನೆಯಲ್ಲಿ ಬರುವುದಿಲ್ಲ. ಹೋಗಿಯೇ ತಿನ್ನಿ, ಬೆಳಗ್ಗೆ ಹೊರಟರೆ ಒಂದೂಕಾಲು ಗಂಟೆ. ಹೋದವರು ಸಂಜೆವರೆಗೆ ಇದ್ದು ಮಿರ್ಚಿ ಮಂಡಕ್ಕಿಯನ್ನೂ ಮುಗಿಸಿ ಬನ್ನಿ. ಚಳಿಗೆ ಮಿರ್ಚಿ ಕೊಡುವ ಕಾವು ಯಾವ ಸ್ವೆಟರೂ ಕೊಡುವುದಿಲ್ಲ. ಬರುವಾಗ ನಮಗೊಂದು ಪೊಟ್ಟಣ ನರ್ಗಿಸ್ ಮಂಡಕ್ಕಿ ತಂದರೆ ಬೇಡ ಅನ್ನುವುದಿಲ್ಲ.

## ರಜೆ, ಹಬ್ಬ, ಹೊಸ ವರ್ಷ

ಡಿಸೆಂಬರ್ 31ಕ್ಕೆ ಡಿಜೆ, ಡ್ಯಾನ್ಸು ಎಲ್ಲಾ ಇರುತ್ತಾ?

ಇಲ್ಲ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ಹೇಗೂ ನಿರ್ಬಂಧವಿದೆ, 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಅದು. ಕಾನೂನು ಬಿಡಿ, ಗುಡ್ಡದ ಬುಡದಲ್ಲಿ ಒಂದು ಸ್ಪೀಕರ್ ಹಾಕಿದರೆ ಬಂಡೆಗೆ ಬಡಿದು ಮೂರು ಸ್ಪೀಕರ್ ಆಗಿ ವಾಪಸ್ ಬರುತ್ತೆ. ಒಂದು ವರ್ಷ ಒಂದು ಗುಂಪು ಕಾರಿನ ಡಿಕ್ಕಿ ತೆಗೆದು ಹಾಡು ಹಾಕಿತು. ಹತ್ತೇ ನಿಮಿಷಕ್ಕೆ ಹಟ್ಟಿಯಿಂದ ಒಬ್ಬ ಅಜ್ಜ ಕೋಲು ಹಿಡಿದು ಬಂದರು. ಬೈಯಲು ಬಂದದ್ದಲ್ಲ, ಅವರ ಕುರಿಗಳು ಬೆದರಿ ರೊಪ್ಪದ ಬೇಲಿ ಹಾರಿದ್ದವು. ಆಮೇಲೆ ಆ ಹುಡುಗರೇ ಮೊಬೈಲ್ ಬೆಳಕು ಹಿಡಿದು ರಾತ್ರಿ ಒಂದರವರೆಗೆ ಕುರಿ ಹುಡುಕಿದರು. ಎಲ್ಲಾ ಸಿಕ್ಕವು. ಹೊಸ ವರ್ಷ ಯಾವಾಗ ಬಂತು ಅಂತ ಯಾರಿಗೂ ಗೊತ್ತಾಗಲಿಲ್ಲ. ಆ ಹುಡುಗರು ಈಗಲೂ ಬರುತ್ತಾರೆ, ಬಂದಾಗೆಲ್ಲ ಮೊದಲು ಆ ಅಜ್ಜನ ಹತ್ತಿರ ಹೋಗುತ್ತಾರೆ.

ಕ್ಯಾಂಪ್‌ಫೈರ್ ಆದ್ರೂ ಹಾಕ್ತೀರಾ?

ಅಂಗಳದಲ್ಲಿ, ಕಲ್ಲು ಸುತ್ತುಗಟ್ಟಿದ ಗುಂಡಿಯಲ್ಲಿ, ಗಾಳಿ ಕಡಿಮೆ ಇದ್ದರೆ ಮಾತ್ರ. ಹಾಕುತ್ತೇವೋ ಇಲ್ಲವೋ ಅಂತ ಸಂಜೆ ಏಳಕ್ಕೆ ನಮ್ಮನೆಯವರು ಹೊರಗೆ ನಿಂತು ತೀರ್ಮಾನ ಮಾಡುತ್ತಾರೆ. ಜನವರಿ ಮೇಲೆ ಗುಡ್ಡದ ಹುಲ್ಲು ಕಡ್ಡಿ ಗೀರಿದರೆ ಹತ್ತಿಕೊಳ್ಳುವಷ್ಟು ಒಣಗಿರುತ್ತೆ. ಒಂದು ಕಿಡಿ ಸಾಕು, ಆಮೇಲೆ ಎರಡು ದಿನ ಸೊಪ್ಪು ಹಿಡಿದು ಬಡಿದರೂ ಆರುವುದಿಲ್ಲ. ಗುಡ್ಡದ ಮೇಲೆ ಹೋಗಿ ಬೆಂಕಿ ಹಾಕುತ್ತೇವೆ ಅನ್ನುವವರನ್ನು ಅಲ್ಲಿಂದಲೇ ವಾಪಸ್ ಕಳಿಸುತ್ತೇವೆ. ಅರಣ್ಯದೊಳಗೆ ಅದು ಅಪರಾಧ ಕೂಡ.

ಕ್ರಿಸ್‌ಮಸ್‌ಗೆ ಏನಾದ್ರೂ ಸ್ಪೆಷಲ್ ಮಾಡ್ತೀರಾ?

ನಮ್ಮದೇ ಅಂತ ಏನೂ ಇರಲಿಲ್ಲ, ಒಂದು ನಕ್ಷತ್ರದ ದೀಪ ಬಿಟ್ಟರೆ. ಆಮೇಲೆ ಬಂದ ಒಬ್ಬ ಅಜ್ಜಿ ನಮ್ಮ ಅಡುಗೆಮನೆಯಲ್ಲಿ ಓವನ್ ಇಲ್ಲದ್ದು ನೋಡಿ, ದಪ್ಪ ತಳದ ಪಾತ್ರೆಗೆ ಮರಳು ಹಾಕಿ, ಒಳಗೆ ಡಬ್ಬಿ ಇಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಕೇಕು ಬೇಯಿಸಿದರು. ತಳ ಸ್ವಲ್ಪ ಸೀದಿತ್ತು. ಅತ್ತೆ ಅದನ್ನೇ ಇಷ್ಟಪಟ್ಟು ತಿಂದರು. ಈಗ ಪ್ರತಿ ಡಿಸೆಂಬರ್ 24ಕ್ಕೆ ರಾಗಿ ಹಿಟ್ಟು, ಬೆಲ್ಲ ಹಾಕಿ ಅದೇ ಥರ ಮಾಡುತ್ತೇವೆ. ತಳ ಈಗಲೂ ಸೀಯುತ್ತೆ.

ಸಂಕ್ರಾಂತಿ ದಿನ ಬಂದ್ರೆ ನಿಮ್ಮ ಹಬ್ಬಕ್ಕೆ ತೊಂದ್ರೆ ಆಗಲ್ವಾ?

ತೊಂದರೆ ಏನಿಲ್ಲ, ಕೆಲಸ ಹಂಚಿಕೆ ಆಗುತ್ತೆ. ಹಬ್ಬದ ಮುಂಚೆ ಮೂರು ದಿನ ನಮ್ಮ ಮನೆಯಲ್ಲಿ ಕೊಬ್ಬರಿ, ಬೆಲ್ಲ ಹೆಚ್ಚುವುದೇ ಕೆಲಸ. ಕೊಬ್ಬರಿಯ ಕರೀ ಸಿಪ್ಪೆ ಹೆರೆದು, ಸಣ್ಣಗೆ ಒಂದೇ ಅಳತೆಗೆ ಹೆಚ್ಚಿ, ಬಿಸಿಲಿಗೆ ಹಾಕಿ, ಹುರಿಗಡಲೆ, ಹುರಿದ ಶೇಂಗಾ, ಎಳ್ಳಿನ ಜೊತೆ ಬೆರೆಸಬೇಕು. ಬೆಲ್ಲ ಒಣಗದೆ ಬೆರೆಸಿದರೆ ಎಲ್ಲಾ ಮುದ್ದೆಯಾಗುತ್ತೆ. ಬಂದವರಿಗೆ ಚಾಕು ಕೊಟ್ಟು ಕೂರಿಸುತ್ತೇವೆ. ಹಬ್ಬ ಜನವರಿ 14ಕ್ಕೋ 15ಕ್ಕೋ ಅನ್ನುವುದು ವರ್ಷ ವರ್ಷ ಬದಲಾಗುತ್ತೆ, ಪಂಚಾಂಗ ನೋಡಿ ಟಿಕೆಟ್ ಮಾಡಿಸಿ. ಆವತ್ತು ಮಧ್ಯಾಹ್ನ ಒಂದೇ ಊಟ, ಎಲ್ಲರಿಗೂ ನೆಲದ ಮೇಲೆ ಎಲೆ.

ಎಳ್ಳಮಾಸೆ ಅಂತಾರಲ್ಲ, ಅದು ಏನು? ನಾವೂ ಹೊಲಕ್ಕೆ ಬರಬಹುದಾ?

ಬರಬಹುದು. ಎಳ್ಳ ಅಮಾವಾಸ್ಯೆ ಸಾಮಾನ್ಯವಾಗಿ ಡಿಸೆಂಬರ್ ಕೊನೆಗೋ ಜನವರಿಗೋ ಬೀಳುತ್ತೆ. ದಾವಣಗೆರೆ ಕಡೆಯ ಎರೆಹೊಲದವರು ಆವತ್ತು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಪೂಜೆ ಮಾಡಿ, ಎಡೆಯ ಅಡುಗೆಯನ್ನು ಚರಗ ಅಂತ ಹೊಲದ ತುಂಬ ಚೆಲ್ಲಿ, ಅಲ್ಲೇ ಕೂತು ಊಟ ಮಾಡುತ್ತಾರೆ. ನನ್ನ ತವರಿನ ಹೊಲ ಆ ಕಡೆಯದು, ಯಾರಾದರೂ ಉಳಿದುಕೊಂಡಿದ್ದರೆ ಕರೆದುಕೊಂಡು ಹೋಗುತ್ತೇನೆ. ಆ ಹೊತ್ತಿಗೆ ಜೋಳ ಎದೆಮಟ್ಟ, ಕಡಲೆ ಗಿಡ ಮೊಣಕಾಲಿನ ಕೆಳಗೆ.

ಬೆಳಗ್ಗೆ ಕಡಲೆ ಹೊಲದಲ್ಲಿ ನಡೆದು ನೋಡಿ. ಇಬ್ಬನಿಗೆ ಪ್ಯಾಂಟು ಒದ್ದೆಯಾಗುತ್ತೆ, ಆಮೇಲೆ ಬೆರಳು ನೆಕ್ಕಿದರೆ ಹುಳಿ. ಕಡಲೆ ಗಿಡದ ಎಲೆಯೇ ಹುಳಿ ಸೂಸುತ್ತೆ. ಹಿಂದೆ ರಾತ್ರಿ ತೆಳು ಪಂಚೆಯನ್ನು ಗಿಡಗಳ ಮೇಲೆ ಹಾಸಿಟ್ಟು, ಬೆಳಗ್ಗೆ ಅದನ್ನು ಹಿಂಡಿ ಆ ಹುಳಿಯನ್ನು ಶೀಶೆಗೆ ತುಂಬುತ್ತಿದ್ದರು. ಹೊಟ್ಟೆನೋವಿಗೆ ಮನೆಮದ್ದು ಅಂತ ನಮ್ಮಮ್ಮನ ಹತ್ತಿರ ಒಂದು ಶೀಶೆ ಯಾವಾಗಲೂ ಇರುತ್ತಿತ್ತು. ಬಿಳೀ ಷೂ ಹಾಕಿಕೊಂಡು ಎರೆಹೊಲಕ್ಕೆ ಬರಬೇಡಿ. ಹೇಳಿದರೂ ಹಾಕಿಕೊಂಡೇ ಬರುತ್ತೀರಿ, ಇರಲಿ.

## ಸುತ್ತಾಟ

ಕೋಟೆಗೆ ಎರಡು ಗಂಟೆ ಸಾಕಲ್ವಾ?

ಎರಡು ಗಂಟೆಯಲ್ಲಿ ಓಬವ್ವನ ಕಿಂಡಿ ನೋಡಿ ಫೋಟೋ ತೆಗೆಸಿಕೊಂಡು ಬರಬಹುದು. ಅದಕ್ಕೆ ಏಳುಸುತ್ತಿನ ಕೋಟೆ ಯಾಕೆ ಬೇಕು? ಕನಿಷ್ಠ ಅರ್ಧ ದಿನ ಇಡಿ. ಬೆಳಗ್ಗೆ ಆರಕ್ಕೆ ಬಾಗಿಲು ತೆಗೆಯುತ್ತಾರೆ, ಆಗಲೇ ಹೋಗಿ. ಚಳಿಗಾಲದ ಒಳ್ಳೇದು ಅಂದರೆ ಹತ್ತು ಗಂಟೆವರೆಗೂ ಬಂಡೆ ಕಾಯುವುದಿಲ್ಲ, ಏಪ್ರಿಲ್‌ನಲ್ಲಿ ಹತ್ತಿದವರನ್ನು ಕೇಳಿ ನೋಡಿ.

ನನ್ನ ಸಲಹೆ, ನೀರಿನ ದಾರಿ ಹಿಡಿದು ನೋಡಿ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಹೊಂಡಕ್ಕೆ. ಇಷ್ಟು ಕಡಿಮೆ ಮಳೆ ಬೀಳುವ ಊರಲ್ಲಿ ನಾಯಕರು ಬಂಡೆಯ ಮೇಲೆ ಬಿದ್ದ ನೀರನ್ನೂ ಬಿಡದೆ ಹಿಡಿದರು. ಓಬವ್ವನ ಕಥೆಯೂ ನೀರಿನದೇ ಅಲ್ವಾ, ಗಂಡ ಊಟಕ್ಕೆ ಕೂತಾಗ ನೀರಿಗೆ ಹೋದವಳಿಗೆ ತಾನೇ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಕಂಡದ್ದು? ಆಮೇಲೆ 1779ರಲ್ಲಿ ಮದಕರಿ ನಾಯಕರ ಕಾಲಕ್ಕೆ ಕೋಟೆ ಹೈದರಾಲಿಯ ಕೈಸೇರಿತು. ಗೈಡ್ ಹಿಡಿದರೆ ಈ ಕಥೆ ಚೆನ್ನಾಗಿ ಹೇಳುತ್ತಾರೆ, ಮೊದಲೇ ದುಡ್ಡು ಮಾತಾಡಿಕೊಳ್ಳಿ.

ಕೈಯಲ್ಲಿ ತಿಂಡಿ ಪೊಟ್ಟಣ ಹಿಡಿದು ಹೋಗಬೇಡಿ. ಕೋತಿಗಳಿಗೆ ಚಿಪ್ಸ್ ಪೊಟ್ಟಣದ ಸದ್ದು ನಿಮಗಿಂತ ಮೊದಲು ಕೇಳಿಸುತ್ತೆ. ರಜೆಯ ಭಾನುವಾರ ಕಿಂಡಿ ಹತ್ತಿರ ಸಾಲು ನಿಲ್ಲಬೇಕಾಗುತ್ತೆ, ವಾರದ ನಡುವೆ ಹೋಗುವುದೇ ವಾಸಿ.

ಜೋಗಿಮಟ್ಟಿ ಮೇಲೆ ಸೂರ್ಯೋದಯ ನೋಡೋಕೆ ಬಿಡ್ತಾರಾ?

ಅದು ಅರಣ್ಯ ಇಲಾಖೆಯ ಜಾಗ, ವನ್ಯಧಾಮ. ಗೇಟು ಯಾವ ಹೊತ್ತಿಗೆ ತೆಗೆಯುತ್ತಾರೆ, ಯಾವ ವಾಹನ ಬಿಡುತ್ತಾರೆ ಅನ್ನುವುದು ಅವರ ಮಾತು, ಕಾಡ್ಗಿಚ್ಚಿನ ದಿನಗಳಲ್ಲಿ ಬಿಗಿ ಜಾಸ್ತಿ. ಹಿಂದಿನ ದಿನವೇ ವಿಚಾರಿಸಿ. "ನಮ್ಮ ಪರಿಚಯದವರಿದ್ದಾರೆ, ಕತ್ತಲಲ್ಲೇ ಬಿಡಿಸ್ತೀನಿ" ಅನ್ನುವವರ ಮಾತು ನಂಬಬೇಡಿ. ಸೂರ್ಯ ಹುಟ್ಟುವುದನ್ನು ನೋಡಲೇಬೇಕು ಅಂದರೆ ನಮ್ಮ ಮನೆ ಹಿಂದಿನ ಬಂಡೆಯೇ ಸಾಕು. ಮಕ್ಕಳಿದ್ದರೆ ಜೋಗಿಮಟ್ಟಿ ದಾರಿಯಲ್ಲೇ ಆಡುಮಲ್ಲೇಶ್ವರದ ಕಿರು ಮೃಗಾಲಯವಿದೆ, ಹೋಗಿ ಬನ್ನಿ.

ಕರಡಿ ಇದ್ಯಂತೆ, ನಿಜಾನಾ?

ನಿಜ. ಚಿರತೆಯೂ ಇದೆ. ಕರಡಿಗೆ ಈ ಕಲ್ಲುಗುಡ್ಡದ ಸಂದಿಗಳೇ ಮನೆ. ಸೀತಾಫಲದ ಕಾಲ ನವೆಂಬರ್ ಹೊತ್ತಿಗೆ ಮುಗಿದು, ಚಳಿಗಾಲದಲ್ಲಿ ಬಾರೆಹಣ್ಣು ಉದುರಲು ಶುರುವಾದರೆ ತೋಟದ ಅಂಚಿನವರೆಗೂ ಬರುತ್ತೆ. ನಾನು ಹತ್ತಿರದಿಂದ ನೋಡಿದ್ದು ಒಂದೇ ಸಲ. ಬೆನ್ನ ಮೇಲೆ ಮರಿ ಕೂರಿಸಿಕೊಂಡು ಹುತ್ತ ಕೆದಕುತ್ತಿತ್ತು, ಆ ಉಸಿರಿನ ಸದ್ದು ಹಳೇ ತಿದಿ ಒತ್ತಿದ ಹಾಗೆ. ನಾನು ಹಿಂದೆ ಹಿಂದೆ ಹೆಜ್ಜೆ ಇಟ್ಟು ಬಂದೆ, ಅದು ತಲೆಯನ್ನೂ ಎತ್ತಲಿಲ್ಲ. ಕತ್ತಲಾದ ಮೇಲೆ, ಬೆಳಕು ಹರಿಯುವ ಮುಂಚೆ ಒಬ್ಬರೇ ತೋಟದ ಕಡೆ ಹೋಗಬೇಡಿ. ಹೋಗಲೇಬೇಕಾದರೆ ಬ್ಯಾಟರಿ ಹಿಡಿದು, ಜೋರಾಗಿ ಮಾತಾಡುತ್ತಾ ಹೋಗಿ. ಸದ್ದಿಲ್ಲದೆ ಎದುರಿಗೆ ಬಿದ್ದವರ ಮೇಲೇ ಕರಡಿ ಬೀಳುವುದು.

ಕೋಟೆ ಆಯ್ತು, ಇನ್ನೊಂದು ದಿನ ಇದೆ. ಜನ ಜಾಸ್ತಿ ಇಲ್ಲದ ಜಾಗ ಹೇಳಿ.

ಚಂದ್ರವಳ್ಳಿ. ಊರಿಗೆ ಅಂಟಿಕೊಂಡೇ ಇದೆ, ಆದರೂ ಬರುವವರು ಕಡಿಮೆ. ಕೆರೆ, ಅದರ ದಂಡೆಯ ಮೇಲೆ ಕದಂಬರ ಮಯೂರಶರ್ಮನ ಬಂಡೆಗಲ್ಲಿನ ಶಾಸನ, ಅದರಲ್ಲಿರುವುದೂ ಕೆರೆಯ ಮಾತೇ. 1947ರಲ್ಲಿ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆತ ನಡೆಸಿದ್ದರು. ರೋಮನ್ನರ ನಾಣ್ಯ ಸಿಕ್ಕಿದ ಜಾಗ ಇದು, ಯೋಚನೆ ಮಾಡಿ. ಅಂಕಲಿ ಮಠದ ಗುಹೆಗೆ ಇಳಿಯಲು ಬ್ಯಾಟರಿ ಬೇಕೇ ಬೇಕು. ಹೊರಗೆ ಗಾಳಿ ಕಚ್ಚುತ್ತಿದ್ದರೂ ಒಳಗೆ ಬೆಚ್ಚಗಿರುತ್ತೆ.

ಕಲ್ಲಿನ ಹುಚ್ಚು ಇರುವವರು ಮರಡಿಹಳ್ಳಿಗೆ ಹೋಗಿ. ಅಲ್ಲಿ ದಿಂಬು ಪೇರಿಸಿಟ್ಟ ಹಾಗೆ ಕಾಣುವ ಲಾವಾ ಶಿಲೆಗಳಿವೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ನೀರು ತಾಗಿ ಥಟ್ಟನೆ ಹೆಪ್ಪುಗಟ್ಟಿದ್ದಕ್ಕೆ ಆ ಆಕಾರ, ವಯಸ್ಸು ಸುಮಾರು 250 ಕೋಟಿ ವರ್ಷ. ಒಂದು ಹನಿ ನೀರಿಗೆ ಬಾಯಿ ಬಿಡುವ ಈ ಸೀಮೆ ಒಂದು ಕಾಲಕ್ಕೆ ಕಡಲಿನ ತಳ! ಬೆಂಗಳೂರಿಗೆ ವಾಪಸ್ ಹೋಗುವವರು ದಾರಿಯಲ್ಲಿ ಹಿರಿಯೂರಿನ ಹತ್ತಿರ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ನೋಡಿಕೊಂಡು ಹೋಗಬಹುದು. ಎರಡು ಗುಡ್ಡದ ನಡುವೆ ವೇದಾವತಿಗೆ ಕಟ್ಟಿದ ಈ ಅಣೆಕಟ್ಟೆ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಆವತ್ತು ನಮ್ಮ ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆವು. ಸುಮ್ನೆ ನೀರು ನೋಡುತ್ತಾ ಒಂದು ಗಂಟೆ ನಿಂತರು.

## ಎರಡನೇ ಸಲ ಬರುವವರು ಕೇಳುವುದು

ನಕ್ಷತ್ರ ನೋಡೋಕೆ ಯಾವ ರಾತ್ರಿ ಒಳ್ಳೇದು?

ಅಮಾವಾಸ್ಯೆ ಆಸುಪಾಸು. ಡಿಸೆಂಬರ್ 13-14ರ ರಾತ್ರಿ ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳು ಬೀಳುತ್ತವೆ, ಹುಣ್ಣಿಮೆ ಹತ್ತಿರ ಇಲ್ಲದ ವರ್ಷ ಚೆನ್ನಾಗಿ ಕಾಣುತ್ತವೆ. ದುರ್ಬೀನು ಬೇಡ, ಚಾಪೆ, ಕಂಬಳಿ ಸಾಕು. ಒಂದು ಮಾತು ಮುಂಚೆಯೇ ಹೇಳುತ್ತೇನೆ. ಗುಡ್ಡದ ಸಾಲಿನ ಗಾಳಿಯಂತ್ರಗಳ ಕೆಂಪು ದೀಪ ರಾತ್ರಿಯೆಲ್ಲ ಮಿನುಗುತ್ತಿರುತ್ತವೆ. ಫೋಟೋಗ್ರಾಫರುಗಳಿಗೆ ಅದು ಕಿರಿಕಿರಿ. ನಮ್ಮ ಮಗಳು ಮಾತ್ರ ನಿದ್ದೆ ಬರದಿದ್ದರೆ ಅವನ್ನೇ ಎಣಿಸುತ್ತಾಳೆ.

ಅಡಿಕೆ ಬೇಯಿಸೋದು ನೋಡಬೇಕು. ಯಾವಾಗ ಬರಲಿ?

ಹೊಳಲ್ಕೆರೆ, ಚನ್ನಗಿರಿ ಕಡೆ ನವೆಂಬರ್, ಡಿಸೆಂಬರ್‌ನಲ್ಲಿ ಕೊಯ್ಲಿನ ಭರಾಟೆ. ಸುಲಿದ ಹಸಿ ಅಡಿಕೆಯನ್ನು ದೊಡ್ಡ ಹಂಡೆಯಲ್ಲಿ ಚೊಗರು, ಅಂದರೆ ಅಡಿಕೆ ಬೆಂದ ಕೆಂಪು ರಸ, ಹಾಕಿ ಬೇಯಿಸಿ, ಅಂಗಳಕ್ಕೆ ಹರಡಿ ಒಣಗಿಸುತ್ತಾರೆ. ಹತ್ತಿರ ನಿಲ್ಲಿ, ಆದರೆ ಮುಟ್ಟಬೇಡಿ. ಚೊಗರಿನ ಕಲೆ ಬಟ್ಟೆ ಹರಿದರೂ ಹೋಗುವುದಿಲ್ಲ. ಈಗ ಸುಲಿಯಲು ಮೆಷಿನ್ ಬಂದು, ರಾತ್ರಿಯೆಲ್ಲ ಹೆಂಗಸರು ಸಾಲಾಗಿ ಕೂತು ಹಾಡು, ಹರಟೆಯಲ್ಲಿ ಸುಲಿಯುವುದು ಕಡಿಮೆಯಾಗಿದೆ. ಕೆಲಸ ಹಗುರವಾಯಿತು, ಅದಕ್ಕೆ ಯಾರಿಗೂ ಬೇಸರವಿಲ್ಲ. ಹರಟೆ ಹೋಯಿತು ಅಂತ ಅತ್ತೆ ಒಬ್ಬರೇ ಗೊಣಗುತ್ತಾರೆ.

ಅಪ್ಪಂಗೆ ಉಬ್ಬಸ ಇದೆ, ಕರ್ಕೊಂಡು ಬರಬಹುದಾ?

ಮೊದಲು ಅವರ ಡಾಕ್ಟರನ್ನು ಕೇಳಿ. ನನ್ನಿಂದ ಹೇಳಲು ಆಗುವುದು ಇಷ್ಟು. ಬೆಳಗ್ಗೆ ಒಲೆಯ ಹೊಗೆ ಇರುತ್ತೆ, ಒಣ ಗಾಳಿಯಲ್ಲಿ ಧೂಳು ಇರುತ್ತೆ, ದೊಡ್ಡ ಆಸ್ಪತ್ರೆ ಬೇಕೆಂದರೆ ದುರ್ಗ ಇಲ್ಲ ದಾವಣಗೆರೆ. ಬಂದರೆ ಬಚ್ಚಲಿಗೆ ದೂರವಿರುವ ಕೋಣೆ ಕೇಳಿ, ಇನ್‌ಹೇಲರ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ರಜೆಯಲ್ಲಿ ರೇಟ್ ಯಾಕೆ ಜಾಸ್ತಿ? ಆ್ಯಪ್‌ನಲ್ಲಿ ಯಾಕೆ ನೀವಿಲ್ಲ?

ಸೌದೆ, ಹಾಲು, ಕೆಲಸದವರ ಕೂಲಿ ಎಲ್ಲಾ ಆ ಹದಿನೈದು ದಿನ ಜಾಸ್ತಿ. ಜೊತೆಗೆ ಮಾರ್ಚ್‌ನಿಂದ ಮೇವರೆಗೆ ಈ ಬಿಸಿಲಿಗೆ ಒಬ್ಬರೂ ಬರುವುದಿಲ್ಲ, ಆ ಮೂರು ತಿಂಗಳ ಖರ್ಚೂ ಇದರಲ್ಲೇ ಹೊರಡಬೇಕು. ಆ್ಯಪ್‌ಗೆ ಒಮ್ಮೆ ಸೇರಿದ್ದೆವು. ಒಂದೇ ಕೋಣೆಯನ್ನು ಡಿಸೆಂಬರ್ 31ಕ್ಕೆ ಇಬ್ಬರಿಗೆ ಕೊಟ್ಟುಬಿಟ್ಟಿತು. ಎರಡೂ ಮನೆಯವರು ಪೆಟ್ಟಿಗೆ ಸಮೇತ ಅಂಗಳದಲ್ಲಿ ನಿಂತಿದ್ದರು. ಆ ರಾತ್ರಿ ನಾವು ನಮ್ಮ ಕೋಣೆ ಬಿಟ್ಟುಕೊಟ್ಟು ಅಡುಗೆಮನೆಯಲ್ಲಿ ಮಲಗಿದೆವು. ಆಮೇಲಿಂದ ಫೋನು, ನೋಟ್‌ಬುಕ್ಕು, ಅರ್ಧ ಮುಂಗಡ. ಹತ್ತು ದಿನ ಮುಂಚೆ ಹೇಳಿದರೆ ಮುಂಗಡ ವಾಪಸ್. ಹಿಂದಿನ ದಿನ ಹೇಳಿದರೆ ಇಲ್ಲ, ಆ ಹೊತ್ತಿಗೆ ಅವರೆಕಾಯಿ ತಂದಾಗಿರುತ್ತೆ.

ಒಂದು ತಿಂಗಳು ಇದ್ದು ಅಲ್ಲಿಂದಲೇ ಆಫೀಸ್ ಕೆಲಸ ಮಾಡ್ತೀನಿ, ಆಗುತ್ತಾ?

ನೆಟ್ಟು ಬರುತ್ತೆ, ಹೋಗುತ್ತೆ. ಮುಖ್ಯವಾದ ಮೀಟಿಂಗ್ ಇದ್ದರೆ ಎಲ್ಲರೂ ನೀರಿನ ತೊಟ್ಟಿಯ ಪಕ್ಕದ ಕಟ್ಟೆ ಮೇಲೆ ಕೂರುತ್ತಾರೆ, ಸಿಗ್ನಲ್ ಅಲ್ಲೇ ಗಟ್ಟಿ. ಹಿಂದೆ ಎಮ್ಮೆ ಕೂಗುವುದು ನಿಮ್ಮ ಮ್ಯಾನೇಜರಿಗೆ ಕೇಳಿಸುತ್ತೆ. ಅದಕ್ಕೆ ಅಡ್ಡಿಯಿಲ್ಲದಿದ್ದರೆ ಬನ್ನಿ, ಫೆಬ್ರವರಿಯಲ್ಲಿ ತಿಂಗಳ ಲೆಕ್ಕಕ್ಕೆ ಕೊಡುತ್ತೇವೆ.

ಬರುವಾಗ ನಿಮಗೇನಾದ್ರೂ ತರಬೇಕಾ ಅಕ್ಕಾ?

ನನಗೇನೂ ಬೇಡ. ಒಂದು ಬ್ಯಾಟರಿ, ಕಿವಿಗೆ ಬಟ್ಟೆ, ಒಡೆದ ತುಟಿಗೆ ಹಚ್ಚಲು ಏನಾದರೂ, ಇವು ನಿಮಗೇ ಬೇಕಾದವು. ಅತ್ತೆಗೆ ಮಾತ್ರ ಪೇಟೆಯಿಂದ ಒಂದು ಕಟ್ಟು ವೀಳ್ಯದೆಲೆ ತನ್ನಿ, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು. ಅಡಿಕೆ ನಮ್ಮಲ್ಲೇ ಇದೆ.